ಮುಳ್ಳು ತಿರುಗುವ ಯಂತ್ರಗಳ ಭವಿಷ್ಯ

‘ಫೆಂಟಾಸ್ಟಿಕ್ ಫೋರ್: ಫಸ್ಟ್ ಸ್ಟೆಪ್ಸ್’ ಚಿತ್ರದ ಅರವತ್ತರ ದಶಕದ ಸೊಗಸು ಬರೀ ಅಲಂಕಾರ ಎಂದು ಅದರ ವಿಮರ್ಶೆ ಬರೆದ ಲೇಖಕರು ತೀರ್ಪು ಕೊಟ್ಟಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಕಾಮಿಕ್ಸ್ ಪುಟಗಳಲ್ಲಿ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಈ ನಾಲ್ವರು ಸೂಪರ್‌ಹೀರೋಗಳನ್ನು ಸೃಷ್ಟಿಸಿದ್ದು 1961ರಲ್ಲಿ, ಗಗಾರಿನ್ ಬಾಹ್ಯಾಕಾಶಕ್ಕೆ ಹಾರಿದ ವರ್ಷವೇ. ನಿರ್ದೇಶಕ ಮ್ಯಾಟ್ ಶಾಕ್‌ಮನ್ ಈ ನಾಲ್ವರನ್ನು ಅವರ ತವರಾದ ಆ ಕಾಲಕ್ಕೆ ಕರೆದೊಯ್ದಿದ್ದಾರೆ, ಅಷ್ಟೆ. ಹಾರುವ ಕಾರು ಒಂದು ಕಡೆ, ಡಬ್ಬಿಯಂಥ ಟಿವಿ ಇನ್ನೊಂದು ಕಡೆ. ಅಡುಗೆಮನೆಯಲ್ಲಿ ನಾಲ್ವರಲ್ಲೊಬ್ಬನಾದ ಬೆನ್‌ಗೆ ನೆರವಾಗುವ ರೋಬೋ ಹರ್ಬಿಯಂತೂ ಮನೆಯ ಮಗುವೇ.

ಈ ರುಚಿ ಕಾರವಾರದವರಿಗೆ ಹೊಸದಲ್ಲ. ಟ್ಯಾಗೋರ್ ಕಡಲತೀರದ ಚಾಪೆಲ್ ಯುದ್ಧನೌಕೆಯೊಳಗೆ ಒಮ್ಮೆ ಹೊಕ್ಕು ನೋಡಿ. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ, 1976ರಲ್ಲಿ ನಮ್ಮ ನೌಕಾಪಡೆ ಸೇರಿದ ಕ್ಷಿಪಣಿ ದೋಣಿ ಅದು. ದಪ್ಪ ಗುಂಡಿಗಳು, ಸನ್ನೆಗಳು, ಮುಳ್ಳು ತಿರುಗುವ ಮಾಪಕಗಳು. ಪಕ್ಕದಲ್ಲೇ ಟುಪೊಲೆವ್ ವಿಮಾನ. ಒಂದು ಕಾಲದಲ್ಲಿ ಭವಿಷ್ಯವೆಂದರೆ ಹೀಗೆಯೇ, ಕೈಯಲ್ಲಿ ಹಿಡಿದು ತಿರುಗಿಸುವಂಥದ್ದು. ಬೆರಳು ಸವರುವ ಪರದೆಯಲ್ಲಿ ಆ ಭಾರ ಎಲ್ಲಿದೆ? ಚಿತ್ರ ನನ್ನನ್ನು ಹಿಡಿದಿಟ್ಟಿದ್ದು ಇದರಿಂದಲೇ. ಮಳೆಯಲ್ಲಿ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಿ ನೋಡಿದ್ದಕ್ಕೆ ಬೇಸರವಿಲ್ಲ.

ಚಿತ್ರದ ಖಳ, ದೈತ್ಯ ಗ್ಯಾಲಕ್ಟಸ್ ನ್ಯೂಯಾರ್ಕ್ ಬೀದಿಗೆ ಇಳಿದ ಮೇಲಿನದು ಮಾತ್ರ ಮಾಮೂಲಿ ಗದ್ದಲ, ಅಲ್ಲಿ ಲೇಖಕರ ಜೊತೆ ನಾನೂ ಇದ್ದೇನೆ. ಇನ್ನೊಂದು ತಕರಾರು: ಅಷ್ಟು ದೊಡ್ಡ ನಗರದಲ್ಲಿ ಒಂದು ಮೊಳೆಗೂ ತುಕ್ಕು ಹಿಡಿದಿಲ್ಲ. ಉಪ್ಪುಗಾಳಿಗೆ ಹೆದರಿ ಪ್ರತಿ ವರ್ಷ ಗೇಟಿಗೆ ಬಣ್ಣ ಬಳಿಯುವ ನಾನು ಹಾರುವ ಕಾರನ್ನು ನಂಬಿದೆ, ಅದನ್ನು ನಂಬಲಿಲ್ಲ.