ಸತ್ಯಾಂಶ: ಆ್ಯಪ್ ಡಿಲೀಟ್ ಮಾಡಿದರೆ ಕಾಟ ನಿಲ್ಲಲ್ಲ

"ಲೋನ್ ಆ್ಯಪ್‌ನವರ ಕಾಟವಾ? ಆ್ಯಪ್ ಡಿಲೀಟ್ ಮಾಡಿ, ಸಿಮ್ ಬದಲಿಸಿ, ಕಥೆ ಮುಗೀತು" ಅನ್ನೋ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅಷ್ಟಕ್ಕೆ ಮುಗಿಯಲ್ಲ.

ಇಂಥ ಆ್ಯಪ್ ಹಾಕಿಕೊಂಡು 'ಅಲೋ' (ಅನುಮತಿ) ಒತ್ತಿದಾಗಲೇ ನಿಮ್ಮ ಕಾಂಟ್ಯಾಕ್ಟ್‌ಗಳು ಅವರ ಸರ್ವರ್ ಸೇರಿರಬಹುದು. ಅತ್ತೆ, ಆಫೀಸ್ ಮ್ಯಾನೇಜರ್, ಹಾಲಿನವರು, ಎಲ್ಲರ ನಂಬರೂ. ಡಿಲೀಟ್ ಮಾಡಿದರೆ ಆ್ಯಪ್ ಹೋಗುತ್ತದೆ, ಅವರ ಹತ್ತಿರದ ಕಾಪಿ ಹೋಗಲ್ಲ. ನೀವು ಸಿಗದಿದ್ದರೆ ನಿಮ್ಮ ತಿರುಚಿದ ಫೋಟೋ ಆ ನಂಬರ್‌ಗಳಿಗೆಲ್ಲ ಹೋಗಬಹುದು, ಅಷ್ಟೇ.

ಅಸಲಿಗೆ ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್, ಗ್ಯಾಲರಿ, ಕಾಲ್ ಲಾಗ್ ಮುಟ್ಟಲೇಬಾರದು ಅಂತ ಆರ್‌ಬಿಐ 2022ರಲ್ಲೇ ಹೇಳಿದೆ. ವಸೂಲಿ ಕರೆಗೂ ಬೆಳಿಗ್ಗೆ 8ರಿಂದ ಸಂಜೆ 7ರವರೆಗೆ ಮಾತ್ರ ಅವಕಾಶ.

ಡಿಲೀಟ್ ಮಾಡಬೇಡಿ ಅಂತಲ್ಲ, ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ: ಆ್ಯಪ್ ಹೆಸರು, ಕೇಳಿದ ಸಾಲ, ನಿಜವಾಗಿ ಖಾತೆಗೆ ಬಂದ ದುಡ್ಡು (ಇದು ಬೇರೆಯೇ ಇರುತ್ತೆ, ನೋಡಿ), ಕಟ್ಟಿಸಿಕೊಂಡ ಯುಪಿಐ ಐಡಿ, ಬೈದ ಮೆಸೇಜ್. ಆಮೇಲೆ ಪರ್ಮಿಷನ್ ತೆಗೆದು ಆ್ಯಪ್ ಅಳಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಠಾಣೆಗೆ ಹೋಗಿ ದೂರು ಕೊಡಿ. ಮನೆಯವರಿಗೆ, ಸ್ನೇಹಿತರಿಗೆ "ನನ್ನ ಹೆಸರಲ್ಲಿ ಏನಾದರೂ ಬಂದರೆ ನಂಬಬೇಡಿ, ಬ್ಲಾಕ್ ಮಾಡಿ" ಅಂತ ನೀವೇ ಮೊದಲು ಹೇಳಿಬಿಡಿ. ಮುಜುಗರ ಆಗುತ್ತೆ ನಿಜ, ಆದರೆ ಅವರ ದಂಧೆ ನಡೆಯೋದೇ ಆ ಮುಜುಗರದ ಮೇಲೆ ಅಲ್ವಾ?

"ಇವತ್ತೇ ಅರೆಸ್ಟ್" ಅಂತ ಸೀಲ್ ಹಾಕಿದ ನೋಟಿಸ್ ಬಂದರೆ ಹೆದರಬೇಡಿ. ಸಾಲ ಕಟ್ಟಲು ಆಗಲಿಲ್ಲ ಅನ್ನೋದೊಂದಕ್ಕೇ ಪೊಲೀಸರು ಜೈಲಿಗೆ ಹಾಕಲ್ಲ. ಹಾಗಂತ ನೋಂದಾಯಿತ ಕಂಪನಿಯ ಸಾಲ ಆ್ಯಪ್ ಅಳಿಸಿದ್ದಕ್ಕೆ ಮನ್ನಾ ಆಗಲ್ಲ. ಅದನ್ನು ಕಟ್ಟೋಕೆ ಇನ್ನೊಂದು ಆ್ಯಪ್‌ನಲ್ಲಿ ಸಾಲ ಮಾತ್ರ ಮಾಡಬೇಡಿ.