ಸ್ವಂತ ಊರಿನ ಮಳೆಗೆ ಮೂರೂವರೆ ಸಾವಿರ

ಬೆಟ್ಟದ ಹೆಸರನ್ನು ಹೇಳುವುದಿಲ್ಲ. ಹೇಳಿದರೆ ಮುಂದಿನ ಶನಿವಾರ ಇನ್ನೂ ನಾಲ್ಕು ಟೆಂಪೊ ಟ್ರಾವೆಲರ್ ಬಂದು ನಿಂತಾವು. ಕಳಸ ದಾಟಿದ ಮೇಲೆ ಸಿಗುತ್ತದೆ ಎಂದಷ್ಟೇ ತಿಳಿದುಕೊಳ್ಳಿ. ಅದರ ಬುಡದಿಂದ ಎಂಟು ಕಿಲೋಮೀಟರ್ ದೂರದಲ್ಲಿ ನಮ್ಮ ಅಮ್ಮನ ಮನೆ.

ಪುಷ್ಯ ಮಳೆ ಹಿಡಿದಿತ್ತು. ಶುಕ್ರವಾರ ಸಂಜೆ ಅಮ್ಮ ಫೋನ್ ಮಾಡಿ, "ಕರೆಂಟು ಹೋಗಿ ಮೂರು ದಿನವಾಯಿತು. ಶಾಲೆಗಳಿಗೆಲ್ಲ ರಜೆ ಕೊಟ್ಟಿದ್ದಾರೆ. ಈ ಮಳೆಯಲ್ಲಿ ನೀನು ಬರುವುದು ಬೇಡ" ಎಂದರು. ಬರುವುದಿಲ್ಲ ಎಂದೆ. ಸುಳ್ಳೇನಲ್ಲ, ಮನೆಗೆ ಹೋಗುವ ಯೋಚನೆ ನನಗಿರಲಿಲ್ಲ. ರಾತ್ರಿ ಹತ್ತೂವರೆಗೆ ಚಾರಣ ಬಳಗದ ಬಸ್ಸು ಹತ್ತಿದೆ. ತಲೆಗೆ ಮೂರೂವರೆ ಸಾವಿರ ರೂಪಾಯಿ. ಅದರಲ್ಲಿ ಉಪ್ಪಿಟ್ಟು, ಊಟ, ಮಾರ್ಗದರ್ಶಿ, ಬೆಟ್ಟದ ಚಿತ್ರವಿರುವ ಟಿ-ಶರ್ಟ್ ಎಲ್ಲವೂ ಸೇರಿವೆ. ಮಳೆಯೂ ಸೇರಿದೆ.

"ಆರೆಂಜ್ ಅಲರ್ಟ್ ಇದೆಯಂತಲ್ಲ?" ಎಂದು ಯಾರೋ ಕೇಳಿದರು. ನಮ್ಮ ನಾಯಕರು ನಕ್ಕು, "ರೆಡ್ ಅಲ್ಲವಲ್ಲ!" ಎಂದರು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಆರೆಂಜ್ ಎಂದರೆ ಒಂದೇ ದಿನಕ್ಕೆ 115 ಮಿಲಿಮೀಟರ್ ದಾಟಿ 204ರವರೆಗೆ. ಬೆಂಗಳೂರಿಗೆ ವರ್ಷವಿಡೀ ಬೀಳುವುದು ಹೆಚ್ಚುಕಡಿಮೆ ಸಾವಿರ ಮಿಲಿಮೀಟರ್. ಅಷ್ಟು ಮಳೆಯಲ್ಲಿ ಒಂದನೆಯ ತರಗತಿಯ ಮಗು ಕಾಲುಸಂಕ ದಾಟಿ ಶಾಲೆಗೆ ಹೋಗಬಾರದೆಂದು ಜಿಲ್ಲಾಡಳಿತ ರಜೆ ಕೊಡುತ್ತದೆ. ಆ ಮಗುವಿನ ಚಿಕ್ಕಪ್ಪ ಮಾತ್ರ ಮೂವತ್ತೆಂಟು ಬೆಂಗಳೂರಿಗರನ್ನು ಅದೇ ಸಂಕ ದಾಟಿಸಿ ಬೆಟ್ಟ ಹತ್ತಿಸಬೇಕು.

ಬುಡದ ತಪಾಸಣೆ ಅಚ್ಚುಕಟ್ಟಾಗಿತ್ತು. ಪ್ರತಿಯೊಬ್ಬರ ಚೀಲ ಬಿಚ್ಚಿಸಿ ಬಿಸ್ಕತ್ತಿನ ಪೊಟ್ಟಣ, ಚಾಕೊಲೇಟಿನ ಹಾಳೆ ಎಲ್ಲವನ್ನೂ ಎಣಿಸಿ ಬರೆದುಕೊಂಡರು. ನೀರಿನ ಬಾಟಲಿಗೆ ಚೀಟಿ ಅಂಟಿಸಿ ಠೇವಣಿ ಕಟ್ಟಿಸಿಕೊಂಡರು. ಕಾಡಿಗೆ ಪ್ಲಾಸ್ಟಿಕ್ ಹೋಗಕೂಡದು, ಸರಿಯಾದ ಮಾತು. ಅದೆಲ್ಲ ಮುಗಿದು ಮಳೆ ಜೋರಾದಾಗ ನಾವು ಮೂವತ್ತೆಂಟು ಮಂದಿಯೂ ಪಕ್ಕದ ಅಂಗಡಿಗೆ ನುಗ್ಗಿ, ನಲವತ್ತು ರೂಪಾಯಿಯ ತೆಳು ಪ್ಲಾಸ್ಟಿಕ್ ರೇನ್‌ಕೋಟ್ ಕೊಂಡು ತೊಟ್ಟು, ಅದೇ ಸಿಬ್ಬಂದಿಯ ಮುಂದೆ ಮೆರವಣಿಗೆ ಹೊರಟೆವು. ಚೀಲದಲ್ಲಿದ್ದರೆ ಪ್ಲಾಸ್ಟಿಕ್, ಮೈಮೇಲಿದ್ದರೆ ಉಡುಪು. ಇಳಿಯುವ ಹೊತ್ತಿಗೆ ದಾರಿಯ ಮುಳ್ಳುಪೊದೆಗಳೂ ಗುಲಾಬಿ, ನೀಲಿ, ಹಳದಿ ಚೂರುಗಳನ್ನು ತೊಟ್ಟುಕೊಂಡಿದ್ದವು.

2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತಕ್ಕೆ ಸಾವಿರಾರು ಮಂದಿ ಮುಗಿಬಿದ್ದು ದೊಡ್ಡ ಸುದ್ದಿಯಾಯಿತಲ್ಲ, ಅದಾದ ಮೇಲೆ ಚಾರಣದ ಬೆಟ್ಟಗಳಿಗೆ ಆನ್‌ಲೈನ್ ಟಿಕೆಟ್ಟು, ದಾರಿಯೊಂದಕ್ಕೆ ದಿನಕ್ಕೆ 300 ಮಂದಿ ಎಂಬ ಮಿತಿ ಬಂದವು. ನಿಯಮ ಒಳ್ಳೆಯದೇ. ಆದರೆ 300 ಎಂದರೆ ನಮ್ಮೂರಿನ ಒಂದು ಮದುವೆಯ ಜನ. ನಾವೂ ಸೇರಿ ಅಷ್ಟೂ ಮಂದಿ ಏಕಾಂತವನ್ನು ಹುಡುಕಿಕೊಂಡು ಈ ಬೆಟ್ಟದ ಒಂದೇ ಕಾಲುದಾರಿಯಲ್ಲಿ ಸಾಲಾಗಿ ಹತ್ತುತ್ತಿದ್ದೆವು.

ನಡುದಾರಿಯಲ್ಲಿ ರಕ್ತ ಹೀರುವ ಇಂಬಳಗಳು ಸ್ವಾಗತ ಕೋರಿದವು. ನಾಯಕರು ಕೈಗೆ ಹಚ್ಚುವ ಸ್ಯಾನಿಟೈಸರ್ ತೆಗೆದು ಕಾಲಿಗೆಲ್ಲ ಸಿಂಪಡಿಸಿದರು. ಮಾರ್ಗದರ್ಶಿ ಹುಡುಗ ಕಂಬಳಿಕೊಪ್ಪೆಯೊಳಗಿಂದ ಒಂದು ಕೋಲು ಚಾಚಿ, ಅದರ ತುದಿಗೆ ಕಟ್ಟಿದ್ದ ಉಪ್ಪಿನ ಗಂಟನ್ನು ಮುಟ್ಟಿಸಿದ. ಇಂಬಳ ಸುರುಟಿಕೊಂಡು ಬಿತ್ತು. "ವಾವ್, ಆರ್ಗ್ಯಾನಿಕ್!" ಎಂದು ಒಬ್ಬರು ಕೋಲಿನ ಫೋಟೊ ತೆಗೆದರು.

ತುದಿ ತಲುಪಿದಾಗ ಸುತ್ತ ಬಿಳಿ ಮಂಜು. ನಾಲ್ಕು ಮಾರು ಆಚೆ ನಿಂತವನ ಮುಖ ಕಾಣದು. ಅಲ್ಲಿಯೂ ಒಂದು ಬಂಡೆ, ಅದನ್ನೇರಿ ಕೈ ಚಾಚಿ ನಿಲ್ಲಲು ಒಂದು ಸಾಲು. ಮುಕ್ಕಾಲು ಗಂಟೆ ನೆನೆಯುತ್ತ ನಿಂತೆ. ಅಷ್ಟರಲ್ಲಿ ಒಬ್ಬರು, "ವ್ಯೂ ಯಾವ ಕಡೆ?" ಎಂದು ಮಾರ್ಗದರ್ಶಿಯನ್ನು ಕೇಳಿದರು. ಅವನು ತುಸು ಯೋಚಿಸಿ ಪಶ್ಚಿಮಕ್ಕೆ ಬೆನ್ನು ಮಾಡಿ, "ಈ ಕಡೆ" ಎಂದ. ಎಲ್ಲರ ಮೊಬೈಲುಗಳೂ ಅತ್ತ ತಿರುಗಿದವು. ಯಾಕೆ ಆ ಕಡೆ ತೋರಿಸಿದೆ ಎಂದು ಆಮೇಲೆ ಮೆಲ್ಲಗೆ ಕೇಳಿದೆ. "ಮಳೆ ಮುಖಕ್ಕೆ ಹೊಡೆಯುತ್ತಿತ್ತಲ್ಲ ಅಣ್ಣ, ತಿರುಗಿ ನಿಲ್ಲಲಿ ಎಂದು" ಎಂದ.

ಆಗಲೇ ಅವನು ನನ್ನನ್ನು ದಿಟ್ಟಿಸಿ ನೋಡಿದ್ದು. "ನೀವು ಕೆಳಮನೆ ಅಮ್ಮನ ಮಗ ಅಲ್ಲವೇ?"

ಗುಲಾಬಿ ರೇನ್‌ಕೋಟಿನೊಳಗೆ ಅಡಗಲು ಜಾಗವಿರಲಿಲ್ಲ. ಹೌದು ಎಂದೆ.

"ಮನೆ ಕಡೆ ಹೋಗುವುದಿಲ್ಲವೇ ಅಣ್ಣ?"

"ಸಂಜೆ ಏಳಕ್ಕೆ ಬಸ್ಸು ಹೊರಡುತ್ತದೆ."

ಅವನು ಕೊಪ್ಪೆ ಸರಿಪಡಿಸಿಕೊಂಡ. "ಮೊನ್ನೆಯ ಗಾಳಿಗೆ ನಿಮ್ಮ ಅಡುಗೆಮನೆಯ ಹೆಂಚು ಜಾರಿ ಸೋರುತ್ತಿದೆ. ಸೋಮವಾರ ನಾನೇ ಹತ್ತಿ ಸರಿ ಮಾಡಿಕೊಡುತ್ತೇನೆ ಎಂದು ಹೇಳಿದ್ದೇನೆ. ನೀವು ಬಂದದ್ದನ್ನು ಅಮ್ಮನಿಗೆ ಹೇಳುವುದಿಲ್ಲ ಬಿಡಿ."

ಬಸ್ಸು ಕೊಟ್ಟಿಗೆಹಾರ ದಾಟಿ ಮೊಬೈಲಿಗೆ ಸಿಗ್ನಲ್ ಬಂದಾಗ ಬಳಗದ ವಾಟ್ಸಾಪ್ ಗುಂಪು ಎಚ್ಚರಗೊಂಡಿತ್ತು. ಅನಿಸಿಕೆ ತಿಳಿಸಿ ಎಂದಿದ್ದರು ನಾಯಕರು. "ಮಳೆ ಇನ್ನೂ ಸ್ವಲ್ಪ ಜೋರಾಗಿದ್ದರೆ ಚೆನ್ನಾಗಿತ್ತು" ಎಂದು ಹಿಂದಿನ ಸೀಟಿನವರು ಬರೆದದ್ದಕ್ಕೆ ಹನ್ನೊಂದು ಹೆಬ್ಬೆರಳು ಬಿದ್ದವು. ಅದರಲ್ಲಿ ಒಂದು ನನ್ನದು.