ಮೂರು ಗೇಣು ಜಾಗ

ನ್ಯೂಯಾರ್ಕಿಗೆ ಹೋಗಿ ಬಂದೆ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಲಿಬರ್ಟಿ ಪ್ರತಿಮೆ ನೋಡಿದ್ರಾ? ನೋಡಿದೆ. ಅದೂ ಪುಕ್ಕಟೆ ನೋಡಿದೆ. ಸ್ಟೇಟನ್ ಐಲೆಂಡಿಗೆ ಹೋಗುವ ಫೆರ್ರಿಗೆ 1997ರಿಂದ ಟಿಕೆಟ್ಟೇ ಇಲ್ಲ. ಮ್ಯಾನ್‌ಹ್ಯಾಟನ್‌ನಲ್ಲಿ ಹತ್ತಿ ಬಲಗಡೆ ನಿಂತುಕೊಂಡರೆ ಆಯಮ್ಮ ಪಂಜು ಹಿಡಿದುಕೊಂಡು ಕಾಣಿಸುತ್ತಾಳೆ, ಚಳಿಗಾಳಿಗೆ ನಮ್ಮ ಮೂಗು ಉದುರಿ ಬೀಳುವ ತನಕ ನೋಡಬಹುದು. ಸರಿ, ಅದಾಯಿತು. ನಾನು ಹೇಳಬೇಕೆಂದಿರುವುದು ಆಯಮ್ಮನ ವಿಷಯ ಅಲ್ಲ. ಫುಟ್‌ಪಾತಿನ ಮೇಲಿರುವ ಮೂರು ಗೇಣು ಜಾಗದ ವಿಷಯ.

ತಂಗಿ ಇರುವುದು ನದಿಯಾಚೆ, ಜರ್ಸಿ ಸಿಟಿಯಲ್ಲಿ. "ಡಿಸೆಂಬರಲ್ಲಿ ಬಾ ಅಕ್ಕ, ಊರೆಲ್ಲ ಝಗಮಗ ಅಂತಿರುತ್ತೆ" ಅಂತ ವರ್ಷಗಟ್ಟಲೆ ಕರೆದಿದ್ದಳು. ಚಳಿಯ ಬಗ್ಗೆ ಮಾತ್ರ ತುಟಿ ಬಿಚ್ಚಿರಲಿಲ್ಲ. ಮೊದಲ ದಿನ ರಾಕ್‌ಫೆಲ್ಲರ್ ಸೆಂಟರಿನ ದೊಡ್ಡ ಕ್ರಿಸ್‌ಮಸ್ ಮರ ನೋಡಲು ಹೋದೆವು. 1933ರಿಂದ ಅಲ್ಲಿ ಮರಕ್ಕೆ ದೀಪ ಹಚ್ಚುವ ಸಮಾರಂಭ ನಡೆಯುತ್ತಿದೆಯಂತೆ. ಮರ ನೋಡಿದೆ ಅನ್ನುವುದಕ್ಕಿಂತ, ಮರದ ಫೋಟೋ ತೆಗೆಯುತ್ತಿದ್ದವರ ಮೊಬೈಲಿನಲ್ಲಿ ಮರ ನೋಡಿದೆ ಅಂದರೆ ಸರಿಹೋಗುತ್ತದೆ. ತೇರಿನ ದಿನದ ನೂಕುನುಗ್ಗಲು, ಆದರೆ ತೇರನ್ನು ಯಾರೂ ಎಳೆಯುವುದಿಲ್ಲ. ಅರ್ಧ ಗಂಟೆಯಲ್ಲಿ ಮೂರು ಸಲ ಯಾರದೋ ಬೆನ್ನಿಗೆ ಸಾರಿ ಹೇಳಿ ಹೊರಗೆ ಬಂದೆ.

ಆ ರಾತ್ರಿ ಜೆಟ್‌ಲ್ಯಾಗಿನಿಂದ ಮೂರು ಗಂಟೆಗೇ ಎಚ್ಚರ. ಮೊಬೈಲು ಹಿಡಿದುಕೊಂಡು ಸುಮ್ನೆ ಹುಡುಕುತ್ತಾ ಕೂತಾಗ ಸಿಕ್ಕಿದ್ದು ಹೆಸ್ ಎನ್ನುವವರ ತ್ರಿಕೋನ, ಅಂದರೆ ಫುಟ್‌ಪಾತಿನ ಆ ಮೂರು ಗೇಣು ಜಾಗ. ಬೆಳಿಗ್ಗೆ ತಂಗಿಗೆ ಹೇಳಿದರೆ ಅವಳಿಗೆ ಗೊತ್ತೇ ಇಲ್ಲ. ಒಂಬತ್ತು ವರ್ಷದಿಂದ ಅದೇ ರೈಲಿನಲ್ಲಿ ಓಡಾಡುತ್ತಾಳೆ, ಕ್ರಿಸ್ಟಫರ್ ಸ್ಟ್ರೀಟ್ ಸ್ಟೇಷನ್ನಿನಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆದರೆ ಸಿಗುವ ಜಾಗ ಅದು.

ಕಥೆ ಏನಪ್ಪಾ ಅಂದರೆ, 1910ರ ಸುಮಾರಿಗೆ ಸೆವೆಂತ್ ಅವೆನ್ಯೂ ರಸ್ತೆಯನ್ನು ಎಳೆದು ಅಗಲ ಮಾಡಿ, ಅದರಡಿಯಲ್ಲಿ ಸುರಂಗ ರೈಲು ಓಡಿಸಬೇಕು ಅಂತ ನಗರದವರು ಇನ್ನೂರೈವತ್ತಕ್ಕೂ ಜಾಸ್ತಿ ಕಟ್ಟಡಗಳನ್ನು ವಶಪಡಿಸಿಕೊಂಡು ಕೆಡವಿದರು. ಹೆಸ್ ಅನ್ನುವವರದೊಂದು ಐದಂತಸ್ತಿನ ಕಟ್ಟಡವೂ ಹೋಯಿತು. ಆದರೆ ಸರ್ವೆಯವರು ಎಲ್ಲೋ ತಪ್ಪಿದರು. ಎಲ್ಲ ಹೋದ ಮೇಲೆ ನೋಡಿದರೆ ಮೂಲೆಯಲ್ಲಿ ಒಂದು ಚೂರು ಮಾತ್ರ ಇನ್ನೂ ಹೆಸ್ ಮನೆತನದ ಹೆಸರಿನಲ್ಲೇ ಉಳಿದಿದೆ! ನಗರದವರು, ಅದನ್ನೂ ಫುಟ್‌ಪಾತಿಗೆ ಬಿಟ್ಟುಕೊಡಿ ಅಂದರು. ಇವರು ಬಿಡಲಿಲ್ಲ. ಮೊದಲೇ ಕೋರ್ಟಿಗೆ ಹೋಗಿ ಸೋತಿದ್ದರು, ಕಟ್ಟಡ ಕಳೆದುಕೊಂಡಿದ್ದರು, ಇನ್ನು ಇಷ್ಟಗಲ ಜಾಗ ಇಟ್ಟುಕೊಂಡು ಏನು ಮಾಡಬೇಕು? 1922ರಲ್ಲಿ ಆ ಚೂರಿನ ಮೇಲೆ ಪುಟ್ಟ ಪುಟ್ಟ ಟೈಲು ಜೋಡಿಸಿ ಬರೆಸಿಬಿಟ್ಟರು: ಇದು ಹೆಸ್ ಎಸ್ಟೇಟಿನ ಆಸ್ತಿ, ಇದನ್ನು ಸಾರ್ವಜನಿಕರ ಉಪಯೋಗಕ್ಕೆ ಎಂದೂ ಬಿಟ್ಟುಕೊಟ್ಟಿಲ್ಲ.

ನಾನು ಬಗ್ಗಿ, ಗ್ಲೌಸು ತೆಗೆದು, ಗೇಣು ಹಾಕಿ ಅಳೆದೆ. ಎರಡು ಬದಿ ಮೂರು ಮೂರು ಗೇಣು, ಇನ್ನೊಂದು ಬದಿ ಮೂರಕ್ಕೆ ಎರಡು ಬೆರಳು ಕಮ್ಮಿ. ಒಂದು ಮಣೆ ಹಾಕಿದರೆ ಒಬ್ಬರು ಕೂತು ಊಟ ಮಾಡಬಹುದು, ಎಲೆ ಮಾತ್ರ ಸರ್ಕಾರದ ಜಾಗಕ್ಕೆ ಹೋಗುತ್ತದೆ. ಒಂದು ಅಕ್ಷರದ ಮೇಲೆ ಯಾರೋ ಉಗಿದ ಚೂಯಿಂಗ್ ಗಮ್ ಒಣಗಿ ಕರ್ರಗಾಗಿ ಅಂಟಿಕೊಂಡಿತ್ತು. ಜನ ನನ್ನನ್ನು ಸುತ್ತಿಕೊಂಡು ಹೋಗುತ್ತಿದ್ದರು, ಯಾರೂ ಏನೂ ಕೇಳಲಿಲ್ಲ. ಆ ಊರಿನ ಒಳ್ಳೆಯ ಗುಣ ಅದು. ನಮ್ಮಲ್ಲಾಗಿದ್ದರೆ ಏನು ಬಿದ್ದುಹೋಯ್ತು ಅಂತ ಹತ್ತು ಜನ ಜೊತೆಗೆ ಬಗ್ಗುತ್ತಿದ್ದರು.

"ಅಕ್ಕ, ಇಷ್ಟಕ್ಕಾ ಬಂದಿದ್ದು?" ಅಂದಳು ತಂಗಿ.

ಬದುವಿನ ಜಗಳ ನೋಡಿಕೊಂಡು ಬೆಳೆದವರಿಗೆ ಇದಕ್ಕಿಂತ ದೊಡ್ಡ ಪ್ರೇಕ್ಷಣೀಯ ಸ್ಥಳ ಬೇಕಾ? ಚಿಕ್ಕಪ್ಪ ಒಂದು ಮೊಳ ಬದುವಿಗಾಗಿ ಹದಿನಾಲ್ಕು ವರ್ಷ ತಾಲ್ಲೂಕು ಕಚೇರಿಗೆ ಅಲೆದದ್ದನ್ನು ಕಂಡವಳು ನಾನು. ಗೆದ್ದ ಮೇಲೆ ಅಲ್ಲಿ ಒಂದು ತೊಗರಿ ಗಿಡವನ್ನೂ ಹಾಕಲಿಲ್ಲ, ಪಹಣಿಯಲ್ಲಿ ಹೆಸರು ಬಂದರೆ ಸಾಕಿತ್ತು. ಹೆಸ್ ಮನೆಯವರನ್ನೂ ಚಿಕ್ಕಪ್ಪನನ್ನೂ ಎದುರುಬದುರು ಕೂರಿಸಿದ್ದರೆ ಭಾಷೆ ಬರದಿದ್ದರೂ ಅರ್ಥ ಮಾಡಿಕೊಳ್ಳುತ್ತಿದ್ದರು. ಕೊನೆಗೆ 1938ರಲ್ಲಿ ಪಕ್ಕದ ಸಿಗಾರ್ ಅಂಗಡಿಗೆ ಅದನ್ನು ಮಾರಿದರಂತೆ. ಆದರೆ ಬರಹ ಹಾಗೇ ಇದೆ.

ಅಲ್ಲಿಂದ ಯೂನಿಯನ್ ಸ್ಕ್ವೇರಿಗೆ. ಅಲ್ಲಿ 1993ರಿಂದ ಹಬ್ಬದ ಸಂತೆ ಹಾಕುತ್ತಾರೆ. ಕೆಂಪು ಬಿಳಿ ಪಟ್ಟೆಯ ಮುಚ್ಚಿಗೆಯ ಪುಟ್ಟ ಮಳಿಗೆಗಳು, ನಡುವೆ ಇಬ್ಬರು ಎದುರಾದರೆ ಒಬ್ಬರು ಓರೆಯಾಗಬೇಕಾದ ಓಣಿಗಳು. ಮರಕ್ಕೆ ನೇತುಹಾಕುವ ಗಾಜಿನ ಗುಂಡು, ಮೇಣದಬತ್ತಿ, ಸೋಪು, ಉಣ್ಣೆ ಟೋಪಿ, ಕಿವಿಯೋಲೆ. ನಿಜ ಹೇಳಬೇಕೆಂದರೆ ಮೂರನೇ ಓಣಿಯ ಹೊತ್ತಿಗೆ ಮೊದಲನೇ ಓಣಿಯ ಸಾಮಾನೇ ಮತ್ತೆ ಕಂಡಂತೆ ಆಗುತ್ತದೆ. ನನಗೆ ಸಾಮಾನಿಗಿಂತ ಮಳಿಗೆಯವರ ಅಚ್ಚುಕಟ್ಟು ಜಾಸ್ತಿ ಹಿಡಿಸಿತು. ಒಬ್ಬ ಹೆಂಗಸು ಬಚ್ಚಲುಮನೆಯಷ್ಟು ಜಾಗದಲ್ಲಿ ಇನ್ನೂರು ಟೋಪಿ, ಒಂದು ಕನ್ನಡಿ, ಒಂದು ಹೀಟರು, ತನ್ನ ಊಟದ ಡಬ್ಬಿ, ಮಡಚುವ ಕುರ್ಚಿಯ ಮೇಲೆ ಹೋಂವರ್ಕ್ ಮಾಡುತ್ತಿದ್ದ ಮಗ, ಎಲ್ಲವನ್ನೂ ಹೊಂದಿಸಿಕೊಂಡಿದ್ದಳು. ಗಿರಾಕಿ ಬಗ್ಗಿದರೆ ಮಗ ಕಾಲು ಮಡಚಿಕೊಳ್ಳುತ್ತಿದ್ದ, ತಲೆ ಎತ್ತುತ್ತಿರಲಿಲ್ಲ.

ಒಂದು ನೀಲಿ ಟೋಪಿ ಹಿಡಿದು ಚೌಕಾಸಿಗೆ ಇಳಿದೆ. ತಂಗಿ ಎರಡು ಮಳಿಗೆ ಆಚೆ ಹೋಗಿ, ನನ್ನ ಪರಿಚಯವೇ ಇಲ್ಲದವಳ ಹಾಗೆ ಮೇಣದಬತ್ತಿ ಮೂಸತೊಡಗಿದಳು. ಆ ಹೆಂಗಸು ನಕ್ಕಳು, ಒಂದು ಡಾಲರೂ ಇಳಿಸಲಿಲ್ಲ. ಡಿಸೆಂಬರ್ 24ಕ್ಕೆ ಎಲ್ಲ ಕಿತ್ತುಕೊಂಡು ಹೋಗಬೇಕು, ಅಷ್ಟರೊಳಗೆ ಬಾಡಿಗೆ ಹುಟ್ಟಬೇಕು ಅಂದಳು. ಕೊಟ್ಟುಬಿಟ್ಟೆ. ಟೋಪಿ ಈಗಲೂ ಇದೆ, ಇಲ್ಲಿ ಹಾಕಿಕೊಂಡರೆ ಬೆವರುತ್ತದೆ.

ಸಂತೆಯ ಪಕ್ಕದಲ್ಲೇ, ಚೌಕದ ನೈಋತ್ಯ ಮೂಲೆಯಲ್ಲಿ ಗಾಂಧೀಜಿ ಇದ್ದಾರೆ. 1986ರಲ್ಲಿ ಅಕ್ಟೋಬರ್ ಎರಡಕ್ಕೆ ನಿಲ್ಲಿಸಿದ ಕಂಚಿನ ಪ್ರತಿಮೆ. ಕೋಲು ಹಿಡಿದು, ಒಂದು ಹೊದಿಕೆ, ನಡೆಯುವ ಭಂಗಿ. ಈ ಕಡೆ ಜನ ಸಾಲುಗಟ್ಟಿ ಉಣ್ಣೆ ಕೊಳ್ಳುತ್ತಿದ್ದಾರೆ, ಮೈನಸ್ ಮೂರು ಡಿಗ್ರಿಯಲ್ಲಿ ಅಜ್ಜ ಒಬ್ಬರೇ ಏನೂ ಕೊಳ್ಳದೆ ಹೊರಟಿದ್ದಾರೆ. ಎರಡು ನಿಮಿಷ ನಿಂತೆ. ಮೂರನೇ ನಿಮಿಷಕ್ಕೆ ನನ್ನ ಕಾಲು ನನ್ನ ಮಾತು ಕೇಳಲಿಲ್ಲ.

ಬ್ರಯಂಟ್ ಪಾರ್ಕಿನಲ್ಲಿ ಇನ್ನೊಂದು ಸಂತೆ. ಗಾಜಿನ ಗೂಡಿನಂಥ ಅಂಗಡಿಗಳು, ನಡುವೆ ಹಿಮದ ಮೇಲೆ ಜಾರುವ ಅಂಗಳ. ಸ್ವಂತ ಸ್ಕೇಟ್ಸ್ ತಂದರೆ ಅದಕ್ಕೆ ಪ್ರವೇಶ ಶುಲ್ಕ ಇಲ್ಲ. ಅಂಗಡಿಗಳಿಗಿಂತ ನನ್ನ ತಲೆಯೊಳಗೆ ಕೂತಿದ್ದು ಭಾವ ಹೇಳಿದ ಒಂದು ಮಾತು. ಪಕ್ಕದ ದೊಡ್ಡ ಲೈಬ್ರರಿಯಲ್ಲಿ ಜಾಗ ಸಾಲದೆ ಈ ಹುಲ್ಲುಹಾಸಿನ ಕೆಳಗೇ ನೆಲಮಾಳಿಗೆ ತೋಡಿ ಲಕ್ಷಗಟ್ಟಲೆ ಪುಸ್ತಕ ಇಟ್ಟಿದ್ದಾರೆ. ಅಂದರೆ ಆ ಮಕ್ಕಳು ಸುಯ್ಯಂತ ಜಾರುತ್ತಿರುವುದು ಪುಸ್ತಕಗಳ ನೆತ್ತಿಯ ಮೇಲೆ! ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜಾತಿ ನಮ್ಮದು. ಅಲ್ಲಿ ಯಾವುದನ್ನು ಮುಟ್ಟುವುದು, ಎಲ್ಲಿ ಒತ್ತಿಕೊಳ್ಳುವುದು. ಬಿಸಿ ಚಾಕೊಲೇಟಿನ ಲೋಟ ಹಿಡಿದುಕೊಂಡು ಮನಸ್ಸಿನಲ್ಲೇ ಕೈಮುಗಿದೆ.

ಮರುದಿನ ಭಾವ ಆರನೇ ನಂಬರಿನ ಸುರಂಗ ರೈಲು ಹತ್ತಿಸಿದರು. ಕೊನೆಯ ಸ್ಟೇಷನ್ನಿನಲ್ಲಿ ಎಲ್ಲರೂ ಇಳಿದರು, ನಾವು ಕಳ್ಳರ ಹಾಗೆ ಕೂತೇ ಇದ್ದೆವು. ರೈಲು ತಿರುಗಿಕೊಳ್ಳಲು ಹಳೆಯ ಸಿಟಿ ಹಾಲ್ ಸ್ಟೇಷನ್ನಿನ ಒಳಗೆ ಸುತ್ತಿಬರುತ್ತದೆ. 1904ರಲ್ಲಿ ಶುರುವಾಗಿ 1945ರ ಕೊನೆಯ ದಿನ ಮುಚ್ಚಿದ ಸ್ಟೇಷನ್ನು ಅದು. ಪ್ಲಾಟ್‌ಫಾರ್ಮು ಕುಡುಗೋಲಿನ ಹಾಗೆ ಬಾಗಿದ್ದು, ಆಮೇಲೆ ಬಂದ ಉದ್ದುದ್ದ ರೈಲುಗಳಿಗೆ ಒಗ್ಗಲಿಲ್ಲ. ಕಿಟಕಿಗೆ ಹಣೆ ಆನಿಸಿ ನೋಡಿದೆ. ಮಂಕು ಬೆಳಕು, ಕಮಾನುಗಳು, ಹಸಿರು ಟೈಲು, ಅಷ್ಟೇ, ಹೋಯಿತು. ಎದುರಿಗೆ ಕೂತಿದ್ದ ಮುದುಕರೊಬ್ಬರು ಮಾತ್ರ ಇಳಿಯದೆ ನಿದ್ದೆ ಮಾಡುತ್ತಿದ್ದರು, ಅವರು ಎಷ್ಟು ಸುತ್ತು ಹೊಡೆದಿದ್ದರೋ.

ಈಗ ಮಣ್ಣಿನ ವಿಷಯಕ್ಕೆ ಬರುತ್ತೇನೆ. ಸೋಹೋ ಅಂತ ಒಂದು ಬಡಾವಣೆ. ಅಲ್ಲಿನ ಬಾಡಿಗೆ ಕೇಳಿದರೆ ಎದೆ ಹಿಡಿದುಕೊಳ್ಳಬೇಕು. ವೂಸ್ಟರ್ ಸ್ಟ್ರೀಟಿನ 141ನೇ ನಂಬರಿನ ಕಟ್ಟಡದಲ್ಲಿ ಬೆಲ್ ಒತ್ತಿದರೆ ಬಾಗಿಲು ತೆಗೆಯುತ್ತದೆ. ಟಿಕೆಟ್ಟಿಲ್ಲ. ಒಂದು ಮಹಡಿ ಹತ್ತಬೇಕು. ಹತ್ತುವಾಗಲೇ ವಾಸನೆ ಬಂತು. ಮಳೆಗಾಲದಲ್ಲಿ ಹಟ್ಟಿಯ ಹಿಂದೆ ಬರುತ್ತದಲ್ಲ, ಆ ಒದ್ದೆ ಮಣ್ಣಿನ ವಾಸನೆ. ಹನ್ನೆರಡು ದಿನ ಸೆಂಟು, ಹೀಟರು, ಸುಟ್ಟ ಸಕ್ಕರೆ ವಾಸನೆಯನ್ನೇ ಕುಡಿದಿದ್ದ ಮೂಗು ಒಂದು ಕ್ಷಣ ನಂಬಲಿಲ್ಲ.

ಒಳಗೆ ದೊಡ್ಡ ಮನೆ. ಬಿಳಿ ಗೋಡೆ, ಕಿಟಕಿಗಳು. ನೆಲದ ತುಂಬ ಮಣ್ಣು. ಬೇರೇನೂ ಇಲ್ಲ. 3,600 ಚದರ ಅಡಿ, 22 ಇಂಚು ಆಳ, ಒಟ್ಟು ನೂರಿಪ್ಪತ್ತು ಟನ್ನಿಗೂ ಮಿಕ್ಕಿದ ಮಣ್ಣು. ವಾಲ್ಟರ್ ಡಿ ಮಾರಿಯಾ ಅನ್ನುವ ಕಲಾವಿದ 1977ರಲ್ಲಿ ಮಾಡಿದ್ದು, 1980ರಿಂದ ಜನ ಬಂದು ನೋಡುತ್ತಿದ್ದಾರೆ. ನೀರು ಹಾಕುತ್ತಾರೆ, ಹಲುಬೆ ಎಳೆದ ಹಾಗೆ ಕೆದರಿ ಸಮ ಮಾಡುತ್ತಾರೆ, ಅಕಸ್ಮಾತ್ ಏನಾದರೂ ಮೊಳೆತರೆ ಕಿತ್ತುಹಾಕುತ್ತಾರೆ. ಮೊಣಕಾಲೆತ್ತರದ ಗಾಜಿನ ಈಚೆ ನಿಂತು ನೋಡಬೇಕು, ಫೋಟೋ ತೆಗೆಯುವ ಹಾಗಿಲ್ಲ.

ಇದು ಕಲೆಯಾ ಅಂತ ನನ್ನನ್ನು ಕೇಳಬೇಡಿ. ತಂಗಿ ಮೊಬೈಲು ಬ್ಯಾಗಿಗೆ ಹಾಕಿ ಸುಮ್ಮನೆ ನಿಂತಿದ್ದಳು. ಅವಳು ಹಾಗೆ ನಿಂತಿದ್ದನ್ನು ನಾನು ನೋಡಿದ್ದು ಕಮ್ಮಿ. ಒಂದು ಹೆಂಟೆ ಗಾಜಿನ ಹತ್ತಿರಕ್ಕೆ ಉರುಳಿ ಬಿದ್ದಿತ್ತು. ಅದನ್ನು ಒತ್ತಿ ಪುಡಿ ಮಾಡಬೇಕು ಅಂತ ಇಬ್ಬರಿಗೂ ಒಟ್ಟಿಗೇ ಅನಿಸಿ, ಕೈ ಚಾಚಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮೇಜಿನ ಹಿಂದೆ ಕೂತಿದ್ದವರ ಭಯಕ್ಕೆ ಕೈ ಹಿಂದೆ ತೆಗೆದುಕೊಂಡೆವು.

ರಾತ್ರಿ ವಿಡಿಯೋ ಕಾಲಿನಲ್ಲಿ ಅಮ್ಮನಿಗೆ ಎಲ್ಲ ವರದಿ ಒಪ್ಪಿಸಿದೆ. ದೊಡ್ಡ ಮರದ ಫೋಟೋಗೆ "ಚೆನ್ನಾಗಿದೆ" ಅಂದಳು. ಮೂರು ಗೇಣಿನ ಕಥೆ ಕೇಳಿ, "ಮಾರಬಾರದಿತ್ತು" ಅಂದಳು. ಮಣ್ಣಿನ ಮನೆಯ ಸುದ್ದಿ ಹೇಳಿದಾಗ ಮಾತ್ರ ಕನ್ನಡಕ ಸರಿ ಮಾಡಿಕೊಂಡು ಹತ್ತಿರ ಬಂದಳು.

"ಕೆಂಪು ಮಣ್ಣಾ, ಕಪ್ಪು ಮಣ್ಣಾ?"

"ಕಪ್ಪಮ್ಮ. ಒಂಚೂರು ಕಂದು."

"ಎಷ್ಟು ಆಳ ಅಂದೆ?"

"ಎರಡಡಿಗೆ ಸ್ವಲ್ಪ ಕಮ್ಮಿ."

"ನೀರು ಹಾಕ್ತಾರೆ?"

"ಹಾಕ್ತಾರೆ."

ಅಮ್ಮ ಲೆಕ್ಕ ಹಾಕುತ್ತಿರುವುದು ಸ್ಕ್ರೀನಿನಲ್ಲೇ ಕಾಣಿಸುತ್ತಿತ್ತು. "ಸೊಪ್ಪಿಗೆ ಧಾರಾಳ ಸಾಕು. ಮೂಲಂಗಿಗೂ ಸಾಕು ಕಣೇ. ಯಾರಾದ್ರೂ ಒಂದು ಮಾತು ಹೇಳಬಾರದಾ ಅವರಿಗೆ?"